ಹಿಡಿಯುವವನ ಕೈಗೆ ದಕ್ಕುವುದೇನು?

ಹಬ್ಬ, ಜಾತ್ರೆಗಳ ಕಾಲ ಬಂತೆಂದರೆ ಕನಕಪುರ ಸೀಮೆಯ ಬಸ್ ತಂಗುದಾಣಗಳಲ್ಲಿ, ಹಾಲಿನ ಡೇರಿಗಳ ಗೋಡೆಗಳ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಮೊದಲ ಮತ್ತು ಎರಡನೆಯ ಬಹುಮಾನಗಳ ಮೊತ್ತದ ಕೆಳಗೆ ವೈಯಕ್ತಿಕ ಬಹುಮಾನಗಳ ಸಾಲೊಂದಿರುವುದು ವಾಡಿಕೆ. ಉತ್ತಮ ದಾಳಿಗಾರನಿಗೊಂದು, ಉತ್ತಮ ಹಿಡಿತಗಾರನಿಗೊಂದು. ಊರಿನ ಯುವಕ ಸಂಘಗಳ ಈ ಲೆಕ್ಕಾಚಾರದಲ್ಲಿ ಒಂದು ಸಹಜ ನ್ಯಾಯವಿದೆ. ಎದುರಾಳಿಯ ಅಂಕಣಕ್ಕೆ ನುಗ್ಗಿ ಬರುವವನಷ್ಟೇ, ನುಗ್ಗಿ ಬಂದವನನ್ನು ಕಟ್ಟಿಹಾಕುವವನೂ ಪಂದ್ಯ ಗೆಲ್ಲಿಸುತ್ತಾನೆ ಎಂಬ ಅರಿವು ಅದರ ಹಿಂದಿದೆ. ಆದರೆ ಅದೇ ಹಳ್ಳಿಯ ಹುಡುಗ ಕಾಲೇಜು ಸೇರಿ, ವಿಶ್ವವಿದ್ಯಾಲಯದ ಅಂಗಿ ತೊಟ್ಟು, ಆಟವನ್ನೇ ಬದುಕಿನ ದಾರಿಯಾಗಿಸಿಕೊಳ್ಳಲು ಹೊರಟಾಗ ಈ ಲೆಕ್ಕ ತಪ್ಪುತ್ತದೆ. ನುಗ್ಗುವವನ ಹೆಸರು ಹೇಗೋ ಉಳಿಯುತ್ತದೆ. ಹಿಡಿಯುವವನದು ಹೆಚ್ಚಾಗಿ ಅಳಿಸಿಹೋಗುತ್ತದೆ.

ಕಾಲೇಜು ಕಬಡ್ಡಿಯ ರಕ್ಷಣಾ ಆಟಗಾರನ ಭವಿಷ್ಯದ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವೆನಿಸಬಹುದು. ಕ್ರೀಡಾಪುಟದ ಮೂಲೆಯ ಸುದ್ದಿಯೂ ಆಗದ ವಿಷಯವನ್ನು ಇಲ್ಲಿ ಚರ್ಚಿಸುವ ಅಗತ್ಯವೇನು ಎಂದು ಓದುಗರು ಕೇಳಬಹುದು. ಅಗತ್ಯವಿದೆ. ತನ್ನ ಹೆಸರಿಗೆ ಅಂಕ ಬರೆಸಿಕೊಳ್ಳದೆ ಇತರರ ಅಂಕಗಳನ್ನು ಕಾಯುವವನನ್ನು ಒಂದು ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಅಂಕಣದಾಚೆಗೂ ಚಾಚುವ ಪ್ರಶ್ನೆ. ಅಲ್ಲದೆ, ಹದಿನೆಂಟರ ಹುಡುಗನೊಬ್ಬ ತನ್ನ ಮಂಡಿ, ಹೆಗಲು, ಬೆನ್ನುಗಳನ್ನು ವಿಶ್ವವಿದ್ಯಾಲಯದ ಕೀರ್ತಿಗಾಗಿ ಒತ್ತೆಯಿಟ್ಟು ಆಡುವಾಗ ಆ ವಿಶ್ವವಿದ್ಯಾಲಯದ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನಾವು ಇದುವರೆಗೆ ಸ್ಪಷ್ಟವಾಗಿ ಕೇಳಿಕೊಂಡೇ ಇಲ್ಲ.

ಏಳು ಜನರ ಆಟ, ಒಬ್ಬನ ಹೆಸರು

ಕಬಡ್ಡಿಯ ವ್ಯಾಕರಣವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ತಂಡದಲ್ಲಿ ಏಳು ಮಂದಿ. ದಾಳಿಗಾರನಿಗೆ 30 ಸೆಕೆಂಡುಗಳ ಕಾಲಾವಕಾಶ. ಅಷ್ಟರಲ್ಲಿ ಆತ ಮೂವರನ್ನು ಮುಟ್ಟಿ ಮರಳಿದರೆ ಮೂರು ಅಂಕ; ಬೋನಸ್ ಗೆರೆ ದಾಟಿದ್ದರೆ ಇನ್ನೊಂದು ಸೇರುತ್ತದೆ. ಆತನನ್ನು ಹಿಡಿದವರಿಗೆ ಸಿಗುವುದು ಒಂದೇ ಅಂಕ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದಾಗ ಹಿಡಿದರೆ ಮಾತ್ರ ಎರಡು. ಮೂಲೆಯಲ್ಲಿ ನಿಂತ ಕಾರ್ನರ್ ಆಟಗಾರ ನೆಲಕ್ಕೆ ಬಿದ್ದು ಪಾದ ಹಿಡಿಯುತ್ತಾನೆ. ಪಕ್ಕದ ಕವರ್ ಆಟಗಾರ ಎದೆಯೊಡ್ಡಿ ದಾರಿ ಕಟ್ಟುತ್ತಾನೆ. ಮತ್ತಿಬ್ಬರು ಮೇಲೆ ಬಿದ್ದು ಅದುಮುತ್ತಾರೆ. ನಾಲ್ವರ ಈ ಒಟ್ಟು ದುಡಿಮೆ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಒಬ್ಬನ ಹೆಸರಿಗೆ ದಾಖಲಾಗುತ್ತದೆ. ಉಳಿದ ಮೂವರು ಎದ್ದು, ಮೈಕೈ ಕೊಡವಿಕೊಂಡು ಮತ್ತೆ ಸರಪಳಿಗೆ ಕೈಜೋಡಿಸುತ್ತಾರೆ.

ಈ ಅಸಮಾನತೆ ಎಷ್ಟು ದೊಡ್ಡದೆಂಬುದಕ್ಕೆ 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನ ದಾಖಲೆಗಳೇ ಸಾಕ್ಷಿ. ಲೀಗ್ ಕಂಡ ಅತ್ಯಂತ ಯಶಸ್ವಿ ದಾಳಿಗಾರ ಪರ್ದೀಪ್ ನರ್ವಾಲ್ ಗಳಿಸಿದ ದಾಳಿ ಅಂಕಗಳು 1,800ರ ಆಸುಪಾಸು. ಹಿಡಿತದ ಕಲೆಯಲ್ಲಿ ಅಗ್ರಗಣ್ಯನೆನಿಸಿದ ಇರಾನಿನ ಫಜಲ್ ಅತ್ರಾಚಲಿಯವರ ಟ್ಯಾಕಲ್ ಅಂಕಗಳು 500ನ್ನು ದಾಟಿದ್ದೇ ದೊಡ್ಡ ಸಾಧನೆ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಶಿಖರ ಮುಟ್ಟಿದವರು. ಆದರೂ ಆಟದ ಖಾತೆಪುಸ್ತಕ ಒಬ್ಬನನ್ನು ಇನ್ನೊಬ್ಬನ ಮೂರೂವರೆ ಪಟ್ಟು ಎಂದು ತೋರಿಸುತ್ತದೆ. ಅಂತರ ಇರುವುದು ಸಾಮರ್ಥ್ಯದಲ್ಲಲ್ಲ, ಎಣಿಸುವ ಕ್ರಮದಲ್ಲಿ.

ಹಾಗೆಂದು ರಕ್ಷಣೆಯ ಬೆಲೆ ಭಾರತಕ್ಕೆ ತಿಳಿಯದೇ ಇಲ್ಲ. ಅದನ್ನು ತಿಳಿಸಿಕೊಟ್ಟಿದ್ದು ಒಂದು ಸೋಲು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಸತತವಾಗಿ ಏಳು ಬಾರಿ ಚಿನ್ನ ಗೆದ್ದಿದ್ದ ನಮ್ಮ ಪುರುಷರ ತಂಡ 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನಿಗೆ 18–27ರಿಂದ ಮಣಿಯಿತು. ಹೆಸರಾಂತ ದಾಳಿಗಾರರಿದ್ದ ತಂಡ 40 ನಿಮಿಷಗಳಲ್ಲಿ ಗಳಿಸಿದ್ದು ಹದಿನೆಂಟೇ ಅಂಕ. ಬಂದವರನ್ನೆಲ್ಲ ಕಟ್ಟಿಹಾಕಿದ ಒಂದು ಸರಪಳಿಯ ಮುಂದೆ ವೈಯಕ್ತಿಕ ಪ್ರತಿಭೆ ಸಪ್ಪೆಯಾಯಿತು. ಅದೇ ವರ್ಷ ಲೀಗ್‌ನ ಹರಾಜಿನಲ್ಲಿ ಮೊದಲ ಬಾರಿಗೆ ಒಂದು ಕೋಟಿ ರೂಪಾಯಿಯ ಗಡಿ ಮುಟ್ಟಿದವರು ಇದೇ ಅತ್ರಾಚಲಿ. ಆದರೆ ಆ ಅರಿವು ತುತ್ತತುದಿಯಲ್ಲಿ ಮಾತ್ರ ಮೂಡಿತು. ಬುಡದಲ್ಲಿ, ಅಂದರೆ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ, ಅದು ಇನ್ನೂ ಇಳಿದಿಲ್ಲ.

ಅಮೆರಿಕದ ಅಂಗಳದಲ್ಲೊಂದು ಪ್ರತಿರೂಪ

ಕಬಡ್ಡಿಯ ಹೆಸರೂ ಕೇಳದ ದೇಶವೊಂದರ ಕಾಲೇಜು ಅಂಗಳದಲ್ಲಿ ಈ ಪ್ರಶ್ನೆ ದಶಕಗಳಿಂದ ಚರ್ಚೆಯಲ್ಲಿದೆ ಎಂಬುದು ಕುತೂಹಲಕಾರಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಡುವ ಫುಟ್‌ಬಾಲ್ ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಕೈಯಲ್ಲಿ ಚೆಂಡು ಹಿಡಿದು ಮುನ್ನುಗ್ಗುವ, ಮೈಗೆ ಮೈ ತಾಗಿಸುವ ಆಟ. ಅದರಲ್ಲಿ ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ನಾಯಕಮಣಿ. ಅವನ ಮುಂದೆ ಐವರು ಗೋಡೆಯಂತೆ ನಿಲ್ಲುತ್ತಾರೆ. ಅವರನ್ನು ಆಕ್ರಮಣ ಸಾಲಿನ ಲೈನ್‌ಮನ್‌ಗಳೆನ್ನುತ್ತಾರೆ. ಹೆಸರಿನಲ್ಲಿ ಆಕ್ರಮಣವಿದ್ದರೂ ಮಾಡುವುದು ಕಾವಲು. ಚೆಂಡನ್ನು ಹಿಂದಕ್ಕೆ ಕೊಡುವ ನಡುವಿನವನನ್ನು ಬಿಟ್ಟರೆ ಉಳಿದ ನಾಲ್ವರು ಚೆಂಡು ಮುಟ್ಟುವುದೇ ಅಪರೂಪ. ಅವರ ಕೆಲಸ ಸುಸೂತ್ರವಾಗಿ ನಡೆದರೆ ಯಾರೂ ಅವರನ್ನು ಗಮನಿಸುವುದಿಲ್ಲ. ತಪ್ಪಿದರೆ ಮಾತ್ರ ಧ್ವನಿವರ್ಧಕದಲ್ಲಿ ಅವರ ಅಂಗಿಯ ಸಂಖ್ಯೆ ಕೇಳಿಬರುತ್ತದೆ. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ 1935ರಿಂದ ನೀಡುತ್ತಿರುವ ಹೈಸ್ಮನ್ ಪ್ರಶಸ್ತಿ ಚೆಂಡು ಮುಟ್ಟದ ಈ ಕಾವಲುಗಾರರ ಪೈಕಿ ಒಬ್ಬನಿಗೂ ಸಂದಿಲ್ಲ. 1973ರಲ್ಲಿ ಒಹಾಯೊ ಸ್ಟೇಟ್‌ನ ಜಾನ್ ಹಿಕ್ಸ್ ಎರಡನೆಯ ಸ್ಥಾನಕ್ಕೆ ಬಂದದ್ದೇ ದೊಡ್ಡ ಸುದ್ದಿ.

ಆ ಆಟದ ವೃತ್ತಿಪರ ಲೋಕ ಇವರ ಬೆಲೆಯನ್ನು ತಡವಾಗಿಯಾದರೂ ಕಂಡುಕೊಂಡಿತು. ಎಸೆತಗಾರನ ಬೆನ್ನ ಹಿಂದಿನ, ಅವನ ಕಣ್ಣಿಗೆ ಬೀಳದ ದಿಕ್ಕನ್ನು ಕಾಯುವ ಎಡ ಟ್ಯಾಕಲ್ ಆಟಗಾರ ತಂಡದ ಅತಿ ಹೆಚ್ಚು ಸಂಬಳದವರ ಸಾಲಿಗೆ ಹೇಗೆ ಏರಿದನೆಂಬುದನ್ನು ಪತ್ರಕರ್ತ ಮೈಕೆಲ್ ಲೂಯಿಸ್ 2006ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಆದರೆ ಆ ಏಣಿ ಹತ್ತುವವರು ಎಷ್ಟು ಮಂದಿ? ಕಾಲೇಜು ಫುಟ್‌ಬಾಲ್ ಆಡುವ ನೂರು ಮಂದಿಯಲ್ಲಿ ವೃತ್ತಿಪರ ಲೀಗ್ ಮುಟ್ಟುವವರು ಇಬ್ಬರಿಗಿಂತ ಕಡಿಮೆ. ಉಳಿದವರಿಗೆ ಉಳಿಯುವುದು ಪದವಿ ಪತ್ರ, ಸವೆದ ಮಂಡಿ, ಕೆಲವೊಮ್ಮೆ ಅದಕ್ಕಿಂತ ಗಂಭೀರವಾದ ಕಾಯಿಲೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮರಣಾನಂತರ ದಾನವಾಗಿ ಬಂದ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿದಾಗ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಮಂದಿಯ ಪೈಕಿ 48 ಮಂದಿಯಲ್ಲಿ ಪದೇಪದೇ ತಲೆಗೆ ಬಿದ್ದ ಪೆಟ್ಟಿನಿಂದ ಉಂಟಾಗುವ ಮಿದುಳಿನ ಕ್ಷಯ ಕಂಡುಬಂತು. ತೊಂದರೆಯಿದ್ದವರ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿರುವುದರಿಂದ ಈ ಸಂಖ್ಯೆಯನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ. ಆದರೂ ಕಣ್ಣು ತೆರೆಸಲು ಅಷ್ಟು ಸಾಕಾಗಿತ್ತು.

ಆಟಗಾರರ ಬೆವರಿನಿಂದ ಕೋಟ್ಯಂತರ ಡಾಲರ್ ಗಳಿಸಿದ ವಿಶ್ವವಿದ್ಯಾಲಯಗಳು, ಇವರು ಹವ್ಯಾಸಿಗಳು, ವಿದ್ಯಾರ್ಥಿವೇತನದಾಚೆಗೆ ಇವರಿಗೇನೂ ಸಲ್ಲದು ಎಂಬ ವಾದವನ್ನು ದಶಕಗಳ ಕಾಲ ಹೂಡುತ್ತಲೇ ಬಂದವು. 2021ರ ಜೂನ್‌ನಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಶೈಕ್ಷಣಿಕ ಸೌಲಭ್ಯಗಳ ಮೇಲಿನ ಮಿತಿಯನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಮರುತಿಂಗಳೇ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಅವಕಾಶವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದ ಪ್ರಕಾರ ಪ್ರತಿ ವಿಶ್ವವಿದ್ಯಾಲಯ ಮೊದಲ ವರ್ಷದಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು.

ನಮ್ಮ ಕಾಲೇಜುಗಳಿಗೆ ಇಂಥ ಆದಾಯವಿಲ್ಲ. ಆದ್ದರಿಂದ ಆ ಮಾದರಿಯನ್ನು ಇಲ್ಲಿಗೆ ಎತ್ತಿ ತರುವ ಮಾತು ಹಾಸ್ಯಾಸ್ಪದವಾದೀತು. ಅಲ್ಲಿಂದ ಕಲಿಯಬೇಕಾದದ್ದು ಬೇರೆ. ಹಣವಿರಲಿ ಇಲ್ಲದಿರಲಿ, ಗಾಯ ಮಾತ್ರ ಎರಡೂ ಕಡೆ ಒಂದೇ. ಅಲ್ಲಿನ ಲೈನ್‌ಮನ್ 140 ಕಿಲೊ ತೂಗುತ್ತಾನೆ. ಇಲ್ಲಿನ ಕಬಡ್ಡಿ ಆಟಗಾರನಿಗೆ ಹಿರಿಯರ ವಿಭಾಗದಲ್ಲಿ 85 ಕಿಲೊಗಳ ಮಿತಿಯಿದೆ. ಆದರೆ ಮಂಡಿಯ ಲಿಗಮೆಂಟ್ ಹರಿಯುವಾಗ ತೂಕ ಕೇಳುವುದಿಲ್ಲ.

ಅಂಗಳದಿಂದ ಕೆಲಸದವರೆಗೆ

ಇನ್ನು ನಮ್ಮ ಅಂಗಳಕ್ಕೆ ಮರಳೋಣ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಯ ಕನಕಪುರ, ರಾಗಿ, ರೇಷ್ಮೆ, ಹಾಲುಗಳನ್ನು ನೆಚ್ಚಿ ಬದುಕಿದ ಸೀಮೆ. ಈ ಊರಿನ ಬಡ ರೈತರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದವರಲ್ಲಿ, ಕನಕಪುರದ ಗಾಂಧಿ ಎಂದೇ ಹೆಸರಾದ ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿಯ ಪಾತ್ರ ಹಿರಿದು. ಇಂಥ ಗ್ರಾಮೀಣ ಕಾಲೇಜುಗಳಿಗೆ ಸೇರುವ ಹುಡುಗನ ಪಾಲಿಗೆ ಕಬಡ್ಡಿ ದುಬಾರಿಯಲ್ಲದ ಆಟ. ಬ್ಯಾಟು ಬೇಡ, ಪ್ಯಾಡು ಬೇಡ. ಗದ್ದೆಯ ಬದಿಯ ಮಣ್ಣು, ಸಂಜೆಯ ಎರಡು ಗಂಟೆ ಬಿಡುವು ಇದ್ದರೆ ಸಾಕು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಹಾಲು ಡೇರಿಗೆ ಕೊಟ್ಟು ಬಂದವನ ತೋಳಿನಲ್ಲಿ ಹಿಡಿತದ ಬಲ ಮೊದಲೇ ಇರುತ್ತದೆ.

ಈ ಆಟದಿಂದ ಬದುಕು ಕಟ್ಟಿಕೊಂಡವರು ನಮ್ಮ ರಾಜ್ಯದಲ್ಲಿ ಇಲ್ಲದಿಲ್ಲ. 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟರು. 2010ರಲ್ಲಿ ಮಹಿಳಾ ಕಬಡ್ಡಿಯನ್ನು ಮೊದಲ ಬಾರಿಗೆ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿಸಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ತೇಜಸ್ವಿನಿ ಬಾಯಿ ಮತ್ತು ಕಾರ್ಕಳ ಸೀಮೆಯ ಮಮತಾ ಪೂಜಾರಿ ಇದ್ದರು. ಇಬ್ಬರಿಗೂ ಕ್ರಮವಾಗಿ 2011 ಮತ್ತು 2014ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ಮಮತಾ ಅವರಿಗೆ ಆಸರೆಯಾದದ್ದು ದಕ್ಷಿಣ ಮಧ್ಯ ರೈಲ್ವೆಯ ನೌಕರಿ. 2018ರಲ್ಲಿ ಏಷ್ಯನ್ ಕ್ರೀಡಾಕೂಟದ ಬೆಳ್ಳಿ ಗೆದ್ದ ತಂಡದ ಉಷಾ ರಾಣಿ ಅವರಿಗೆ ಕರ್ನಾಟಕ ಪೊಲೀಸ್ ಇಲಾಖೆ. ಅಂದರೆ ಕಬಡ್ಡಿ ಆಟಗಾರನ ಅಥವಾ ಆಟಗಾರ್ತಿಯ ಬದುಕನ್ನು ಬಹುಕಾಲ ಪೊರೆದದ್ದು ಬಹುಮಾನದ ಹಣವಲ್ಲ, ಕ್ರೀಡಾ ಕೋಟಾದ ಕಾಯಂ ಕೆಲಸ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವನು ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳ ಕ್ರೀಡಾ ನೇಮಕಾತಿಗೆ ಅರ್ಹ. ಅದಕ್ಕಾಗಿ ವಿಶ್ವವಿದ್ಯಾಲಯ ನೀಡುವ ಪ್ರಮಾಣಪತ್ರದಲ್ಲಿ ಆಟ ಯಾವುದು, ಕೂಟ ಯಾವುದು, ತಂಡ ಪಡೆದ ಸ್ಥಾನ ಯಾವುದು ಎಂಬ ವಿವರಗಳಿರುತ್ತವೆ. ಎಷ್ಟು ಅಂಕ ಗಳಿಸಿದೆ ಎಂದು ಅದು ಕೇಳುವುದಿಲ್ಲ. ದಾಳಿಗಾರನಿಗೂ ಹಿಡಿತಗಾರನಿಗೂ ಒಂದೇ ನಮೂನೆ, ಒಂದೇ ಮುದ್ರೆ. ಕಚೇರಿಯ ಒಣ ಕಾಗದವೊಂದು ತಂಡದ ಆಟದ ತಿರುಳನ್ನು ಯಾವ ವೀಕ್ಷಕ ವಿವರಣೆಗಾರನಿಗಿಂತಲೂ ಚೆನ್ನಾಗಿ ಗ್ರಹಿಸಿತ್ತು ಎಂದರೆ ತಪ್ಪಾಗಲಾರದು. ಗೋಡೆಯಾಗಿ ನಿಂತವನಿಗೆ ಆ ಕಾಗದವೇ ಸಂಬಳದ ಚೀಟಿಯಾಗಿತ್ತು.

ಆದರೆ ಆ ಕಾಗದವನ್ನು ಒಯ್ದು ತೋರಿಸುವ ಬಾಗಿಲುಗಳು ಒಂದೊಂದಾಗಿ ಕಡಿಮೆಯಾದವು. ಕರ್ನಾಟಕದಲ್ಲಿ ಬೆಳೆದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಕಬಡ್ಡಿ ತಂಡಕ್ಕೆ ಹೆಸರಾಗಿದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳೊಂದಿಗೆ ವಿಲೀನಗೊಂಡವು. ವಿಲೀನದ ಆರ್ಥಿಕ ಸಾಧಕ ಬಾಧಕಗಳು ಇಲ್ಲಿ ಅಪ್ರಸ್ತುತ. ಮೂರು ವರ್ಷಗಳಲ್ಲಿ ನಾಲ್ಕು ಸಂಸ್ಥೆಗಳು ತಮ್ಮ ಪ್ರತ್ಯೇಕ ಅಸ್ತಿತ್ವ ಕಳೆದುಕೊಂಡವು ಎಂದರೆ, ಕನ್ನಡ ನೆಲದ ಆಟಗಾರ ಅರ್ಜಿ ಹಿಡಿದು ಹೋಗಬಹುದಾಗಿದ್ದ ನಾಲ್ಕು ಮನೆಗಳು ಇಲ್ಲವಾದವು ಎಂದೇ ಅರ್ಥ. ಆ ಜಾಗದಲ್ಲಿ ಬಂದು ಕುಳಿತದ್ದು ಹರಾಜಿನ ಕಟ್ಟೆ. ಅದು ಕೇಳುವುದು ಅಂಕವನ್ನು. ದೂರದರ್ಶನದ ತೆರೆಯ ಮೇಲೆ ಹೊಳೆಯುವ ಸಂಖ್ಯೆಯನ್ನು. ವಿಶ್ವದರ್ಜೆಯ ಹಿಡಿತಗಾರನಿಗೆ ಅಲ್ಲಿ ಕೋಟಿ ಸಿಗಬಹುದು. ವಿಶ್ವವಿದ್ಯಾಲಯದ ತಂಡದ ಸಾಧಾರಣ ಹಿಡಿತಗಾರನಿಗೆ ಅಲ್ಲಿ ಪ್ರವೇಶವೂ ಸಿಗುವುದಿಲ್ಲ. ಪ್ರಮಾಣಪತ್ರದ ಯುಗದಿಂದ ಹರಾಜಿನ ಯುಗಕ್ಕೆ ಹೊರಳಿದಾಗ ಹೆಚ್ಚು ಕಳೆದುಕೊಂಡವನು ಈ ನಡುವಿನ ಮನುಷ್ಯ.

ಮಂಡಿ ಉಳುಕಿದ ಮೇಲೆ

ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಆಡಲು 17ರಿಂದ 25 ವರ್ಷಗಳ ವಯೋಮಿತಿ ಇದೆ. ಮೂರು ವರ್ಷದ ಪದವಿಗೆ ಸೇರಿದವನಿಗೆ ವಾಸ್ತವವಾಗಿ ಸಿಗುವುದು ಮೂರೇ ಹಂಗಾಮು. ಈ ಮೂರರಲ್ಲಿ ಒಂದರಲ್ಲಿ ಮಂಡಿಯ ಲಿಗಮೆಂಟ್ ಹರಿಯಿತೆಂದುಕೊಳ್ಳಿ. ಶಸ್ತ್ರಚಿಕಿತ್ಸೆ ಮತ್ತು ನಂತರದ ವ್ಯಾಯಾಮಗಳು ಮುಗಿದು ಆಟಗಾರ ಮತ್ತೆ ಅಂಕಣಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳ ಆಸುಪಾಸು ಬೇಕು. ಅಂದರೆ ಅವನ ಕ್ರೀಡಾಜೀವನದ ಮೂರನೆಯ ಒಂದು ಭಾಗ ಹಾಸಿಗೆಯಲ್ಲಿ ಕಳೆಯಿತು.

ರಕ್ಷಣಾ ಆಟಗಾರನಿಗೆ ಈ ಅಪಾಯ ಆಕಸ್ಮಿಕವಲ್ಲ, ಅವನ ಕಸುಬಿನ ಭಾಗ. ಕಾರ್ನರ್ ಆಟಗಾರ ಪಾದಕ್ಕೆ ಎರಗುವಾಗ ಅವನ ತಲೆ ದಾಳಿಗಾರನ ಮಂಡಿಯ ಮಟ್ಟದಲ್ಲಿರುತ್ತದೆ. ಬಿಡಿಸಿಕೊಳ್ಳಲು ಒದ್ದಾಡುವ ಕಾಲಿನ ಪೆಟ್ಟು ಬೀಳುವುದು ಮುಖಕ್ಕೆ, ಹೆಗಲಿಗೆ. ಕವರ್ ಆಟಗಾರ ಓಡಿಬಂದವನ ವೇಗವನ್ನೆಲ್ಲ ಎದೆಯಲ್ಲಿ ತಡೆಯಬೇಕು. ಅಷ್ಟರಲ್ಲಿ ತನ್ನದೇ ತಂಡದ ಮೂವರು ಅವನ ಮೇಲೆ ಬೀಳುತ್ತಾರೆ. ಮಣ್ಣಿನಲ್ಲಿ ಕಲಿತ ಹುಡುಗ ಮೊದಲ ಬಾರಿಗೆ ಮ್ಯಾಟಿನ ಮೇಲೆ ಆಡುವಾಗ ಇನ್ನೊಂದು ತೊಡಕು: ಮಣ್ಣಿನಲ್ಲಿ ಜಾರುತ್ತಿದ್ದ ಪಾದ ಮ್ಯಾಟಿನಲ್ಲಿ ಕಚ್ಚಿಕೊಳ್ಳುತ್ತದೆ, ಪಾದ ನಿಂತು ದೇಹ ತಿರುಗಿದರೆ ಹೊರಳುವುದು ಮಂಡಿ. ಅಂತರ ಕಾಲೇಜು ಪಂದ್ಯದ ಬದಿಯಲ್ಲಿ ಇದಕ್ಕೆಲ್ಲ ಸಾಮಾನ್ಯವಾಗಿ ಇರುವ ಮದ್ದು ಐಸ್ ತುಂಬಿದ ಚೀಲ, ನೋವಿನ ಸ್ಪ್ರೇ, ‘ಏನೂ ಆಗಲ್ಲ, ಏಳಪ್ಪಾ’ ಎಂಬ ಧೈರ್ಯ.

ಅನಂತರದ ಕಥೆಯನ್ನು ಊಹಿಸುವುದು ಕಷ್ಟವಲ್ಲ. ಗಾಯಗೊಂಡವನನ್ನು ಊರಿಗೆ ಕರೆದೊಯ್ಯುತ್ತಾರೆ. ಪಟ್ಟು ಹಾಕುವವರ ಬಳಿಗೆ ಮೊದಲು, ಆಸ್ಪತ್ರೆಗೆ ಆಮೇಲೆ. ಶಸ್ತ್ರಚಿಕಿತ್ಸೆಯ ಖರ್ಚನ್ನು ಮನೆಯವರು ಸಾಲವೋ ಸೋಲವೋ ಮಾಡಿ ಹೊಂದಿಸಿದರೂ, ತಿಂಗಳುಗಟ್ಟಲೆಯ ಫಿಸಿಯೋಥೆರಪಿಗೆ ಬೆಂಗಳೂರಿಗೆ ಅಲೆಯುವ ಚೈತನ್ಯ ಉಳಿದಿರುವುದಿಲ್ಲ. ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ 2021ರಲ್ಲಿ ಮೆಟ್ರೊ ಬಂದಿದೆ ನಿಜ. ಆದರೆ ಊರುಗೋಲಿನ ಮೇಲೆ ನಡೆಯುವವನಿಗೆ ಹಳ್ಳಿಯಿಂದ ಅಲ್ಲಿಯವರೆಗಿನ ಹಾದಿಯೇ ದೊಡ್ಡದು. ಹಾಜರಾತಿ ಕೊರತೆ, ಉಳಿದ ಸೆಮಿಸ್ಟರ್ ವಿಷಯಗಳು, ಮುಗಿದ ವಯೋಮಿತಿ. ಕೊನೆಗೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ದುಡಿಮೆ ದೊರೆತರೆ ಅದೇ ಪುಣ್ಯ. ಅಲ್ಲಿಯೂ ಭಾರ ಎತ್ತುವ ಕೆಲಸವಾದರೆ ಆ ಮಂಡಿ ಒಪ್ಪುವುದಿಲ್ಲ. ದಾಳಿಗಾರನಿಗೂ ಗಾಯವಾಗುತ್ತದೆ, ಇಲ್ಲವೆನ್ನಲಾಗದು. ಆದರೆ ಅವನ ಹೆಸರು ನೆನಪಿರುವ ನಾಲ್ಕು ಜನರಿರುತ್ತಾರೆ, ಚಂದಾ ಎತ್ತುವವರಿರುತ್ತಾರೆ. ಹೆಸರಿಲ್ಲದವನ ಗಾಯಕ್ಕೆ ಹೆಸರು ಕೊಡುವವರು ಯಾರು?

ಮಾಡಬಹುದಾದದ್ದು

ಇದಕ್ಕೆ ಎದುರಾಗುವ ವಾದಗಳನ್ನೂ ಪರಿಶೀಲಿಸಬೇಕು. ಆಡಲು ಯಾರೂ ಬಲವಂತ ಮಾಡಲಿಲ್ಲ, ಆಟವೆಂದ ಮೇಲೆ ಪೆಟ್ಟು ಇದ್ದದ್ದೇ ಎಂಬುದು ಮೊದಲನೆಯದು. ನಿಜ. ಆದರೆ ವಿಶ್ವವಿದ್ಯಾಲಯದ ಹೆಸರು ಎದೆಯ ಮೇಲೆ ಹೊತ್ತು ಆಡುವವನು ಆ ಹೊತ್ತಿನಲ್ಲಿ ಖಾಸಗಿ ವ್ಯಕ್ತಿಯಲ್ಲ, ಅದರ ಪ್ರತಿನಿಧಿ. ಗೆದ್ದ ಫಲಕ ಕುಲಪತಿಗಳ ಕೊಠಡಿ ಸೇರುವುದಾದರೆ ಮುರಿದ ಮೂಳೆ ಮಾತ್ರ ಹುಡುಗನ ಮನೆ ಸೇರುವುದು ನ್ಯಾಯವಲ್ಲ. ಎರಡನೆಯ ವಾದ ಹಣದ್ದು. ಪಾಠ ಮಾಡುವ ಅಧ್ಯಾಪಕರ ಹುದ್ದೆಗಳೇ ಖಾಲಿಯಿರುವಾಗ ಆಟಗಾರರಿಗೆ ಎಲ್ಲಿಂದ ತರುವುದು ಎಂಬ ಪ್ರಾಚಾರ್ಯರ ಅಳಲು ಸುಳ್ಳಲ್ಲ.

ಈ ಎರಡನೆಯ ವಾದಕ್ಕೆ ಉತ್ತರ ಕನಕಪುರದ ಹಾಲಿನ ಡೇರಿಗಳಲ್ಲೇ ಸಿಗುತ್ತದೆ. 2003ರಲ್ಲಿ ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಆರಂಭವಾದಾಗ ಪ್ರತಿ ಸದಸ್ಯ ಕಟ್ಟಬೇಕಾಗಿದ್ದದ್ದು ತಿಂಗಳಿಗೆ ಐದು ರೂಪಾಯಿ. ಲಕ್ಷಾಂತರ ಜನರ ಈ ಚಿಲ್ಲರೆ ಹಣಕ್ಕೆ ಸರ್ಕಾರದ ನೆರವು ಸೇರಿ ದೊಡ್ಡ ದೊಡ್ಡ ಶಸ್ತ್ರಚಿಕಿತ್ಸೆಗಳು ಬಡವರ ಕೈಗೆಟುಕಿದವು. 2018ರಲ್ಲಿ ನಿಂತುಹೋದ ಆ ಯೋಜನೆಯನ್ನು 2022–23ರಲ್ಲಿ ಮತ್ತೆ ಜಾರಿಗೆ ತರಬೇಕಾಯಿತು ಎಂಬುದೇ ಅದರ ಮಹತ್ವಕ್ಕೆ ಸಾಕ್ಷಿ. ಇದೇ ತತ್ವವನ್ನು ವಿಶ್ವವಿದ್ಯಾಲಯಗಳು ಅಳವಡಿಸಿಕೊಳ್ಳಲು ಅಡ್ಡಿಯೇನು? ಪ್ರವೇಶದ ವೇಳೆ ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕವನ್ನು ಈಗಾಗಲೇ ಪಡೆಯಲಾಗುತ್ತಿದೆ. ಅದರ ಒಂದು ಸಣ್ಣ ಪಾಲನ್ನು ವಿಮಾ ನಿಧಿಯೆಂದು ಪ್ರತ್ಯೇಕವಾಗಿಟ್ಟು, ಅಂತರ ಕಾಲೇಜು ಮಟ್ಟದಿಂದ ಮೇಲೆ ಆಡುವ ಪ್ರತಿಯೊಬ್ಬರಿಗೂ ಶಸ್ತ್ರಚಿಕಿತ್ಸೆ ಮತ್ತು ಆನಂತರದ ಫಿಸಿಯೋಥೆರಪಿಯ ವೆಚ್ಚ ಭರಿಸಬಹುದು. ಆಡದ ಸಾವಿರ ಮಂದಿ ಆಡುವ ಹತ್ತು ಮಂದಿಯನ್ನು ಕಾಯುವುದೂ ಒಂದು ಬಗೆಯ ರಕ್ಷಣಾ ಸರಪಳಿಯೇ.

ಎರಡನೆಯದು ಹಣ ಬೇಡದ ಕೆಲಸ. ಅಂತರ ಕಾಲೇಜು ಮತ್ತು ವಿಶ್ವವಿದ್ಯಾಲಯದ ಪಂದ್ಯಗಳ ಅಂಕಪಟ್ಟಿಯಲ್ಲಿ ಹಿಡಿತಕ್ಕೆ ನೆರವಾದವರ ಹೆಸರನ್ನೂ ಬರೆದಿಡಬೇಕು. ಫುಟ್‌ಬಾಲಿನಲ್ಲಿ ಗೋಲಿಗೆ ಚೆಂಡು ಒದಗಿಸಿದವನ ಹೆಸರು, ಕ್ರಿಕೆಟಿನಲ್ಲಿ ಕ್ಯಾಚು ಹಿಡಿದವನ ಹೆಸರು ದಾಖಲಾಗುತ್ತದೆ. ಕಬಡ್ಡಿಯಲ್ಲಿ ಪಾದ ಹಿಡಿದವನ ಜೊತೆಗೆ ದಾರಿ ಕಟ್ಟಿದವನ ಹೆಸರು ದಾಖಲಾಗಲು ಬೇಕಾದುದು ಒಂದು ಹೆಚ್ಚುವರಿ ಕಲಂ ಮಾತ್ರ. ಆಯ್ಕೆ ಸಮಿತಿಯ ಮುಂದೆ, ಸಂದರ್ಶನದ ಮುಂದೆ ಈ ಹುಡುಗ ಬರಿಗೈಯಲ್ಲಿ ನಿಲ್ಲುವುದು ಆಗ ತಪ್ಪೀತು.

ಮೂರನೆಯದು ಓದಿಗೆ ಸಂಬಂಧಿಸಿದ್ದು. ಆಟದಿಂದ ಗಾಯಗೊಂಡವನಿಗೆ ಹಾಜರಾತಿಯ ರಿಯಾಯಿತಿ ಆಟದ ದಿನಗಳಿಗೆ ಮಾತ್ರವಲ್ಲದೆ ಚೇತರಿಕೆಯ ದಿನಗಳಿಗೂ ಅನ್ವಯವಾಗಬೇಕು; ಉಳಿದ ವಿಷಯಗಳನ್ನು ಶುಲ್ಕವಿಲ್ಲದೆ ಬರೆಯುವ ಅವಕಾಶವಿರಬೇಕು. ಅಮೆರಿಕದ ಲೈನ್‌ಮನ್‌ಗೆ ಕೊನೆಗೂ ಕೈಯಲ್ಲಿ ಉಳಿಯುವುದು ಪದವಿಯೇ ಎಂಬುದನ್ನು ಮರೆಯಬಾರದು. ಲೀಗ್ ತಪ್ಪಿದವನಿಗೂ ಪದವಿ ಸಿಗಬೇಕು. ಆಟಕ್ಕಾಗಿ ಎರಡನ್ನೂ ಕಳೆದುಕೊಳ್ಳುವ ಸ್ಥಿತಿ ಯಾವ ಶಿಕ್ಷಣ ಸಂಸ್ಥೆಗೂ ಶೋಭೆಯಲ್ಲ.

ನಾಲ್ಕನೆಯದು ರಾಜ್ಯ ಸರ್ಕಾರಕ್ಕೆ ಬಿಟ್ಟದ್ದು. ಕ್ರೀಡಾ ಮೀಸಲಾತಿಯ ಚರ್ಚೆ ನಡೆದಾಗಲೆಲ್ಲ ನಮ್ಮ ಗಮನ ಅಂತರರಾಷ್ಟ್ರೀಯ ಪದಕಗಳತ್ತ ಹರಿಯುತ್ತದೆ. ಪದಕ ಗೆದ್ದವರನ್ನು ಗೌರವಿಸುವುದು ಸರಿಯೇ. ಆದರೆ ಪದಕದವರೆಗೆ ಮುಟ್ಟುವವರು ಬೆರಳೆಣಿಕೆಯಷ್ಟು. ಅವರಿಗೆ ದಿನವೂ ಅಭ್ಯಾಸಕ್ಕೆ ಎದುರಾಳಿಗಳಾಗಿ ಬಿದ್ದು ಎದ್ದವರು ನೂರಾರು. ಅಂತರ ವಿಶ್ವವಿದ್ಯಾಲಯ ಮಟ್ಟದ ಪ್ರಮಾಣಪತ್ರಕ್ಕೆ ಕೇಂದ್ರದ ನಿಯಮಗಳು ನೀಡುವ ಮಾನ್ಯತೆಯನ್ನು ರಾಜ್ಯದ ಇಲಾಖೆಗಳು, ನಿಗಮಗಳು, ಸಹಕಾರಿ ಒಕ್ಕೂಟಗಳು ಕೆಳಹಂತದ ಹುದ್ದೆಗಳಿಗಾದರೂ ಉದಾರವಾಗಿ ನೀಡಿದರೆ, ಮುಚ್ಚಿದ ಬ್ಯಾಂಕುಗಳ ಬಾಗಿಲಿಗೆ ಪರ್ಯಾಯವೊಂದು ದೊರಕೀತು.

ಇವೆಲ್ಲ ಕ್ರಾಂತಿಕಾರಿ ಸಲಹೆಗಳಲ್ಲ. ಒಂದು ಸಿಂಡಿಕೇಟ್ ಸಭೆ, ಒಂದು ಸುತ್ತೋಲೆ, ಒಂದು ಕಲಂ ಸೇರಿಸಿದ ಅಂಕಪಟ್ಟಿ, ಇಷ್ಟರಿಂದಲ��� ಹೆಚ್ಚಿನವು ಸಾಧ್ಯ. ಬೇಕಿರುವುದು ನೋಟದ ಬದಲಾವಣೆ. ಕಬಡ್ಡಿಯಲ್ಲಿ ಒಂದು ನಿಯಮವಿದೆ: ದಾಳಿಗಾರನನ್ನು ಹಿಡಿದರೆ, ಔಟಾಗಿ ಹೊರಗೆ ಕುಳಿತ ತನ್ನ ತಂಡದವನೊಬ್ಬ ಮತ್ತೆ ಒಳಗೆ ಬರುತ್ತಾನೆ. ಹಿಡಿಯುವವನು ಅಂಕವನ್ನಷ್ಟೇ ತರುವುದಿಲ್ಲ, ಸತ್ತಂತಿದ್ದ ಜೊತೆಗಾರನಿಗೆ ಜೀವ ತರುತ್ತಾನೆ. ತಂಡಕ್ಕೆ ಜೀವ ಕೊಟ್ಟವನು ಮಂಡಿ ಮುರಿದುಕೊಂಡು ಅಂಕಣದಾಚೆ ಕುಳಿತಾಗ ಅವನನ್ನು ಮತ್ತೆ ಒಳಗೆ ಕರೆಯುವ ನಿಯಮವೊಂದು ನಮ್ಮ ವಿಶ್ವವಿದ್ಯಾಲಯಗಳ ಬಳಿ ಇರಬೇಡವೇ?